ಹುಮನಾಬಾದಿನಿಂದ ಶಿಕಾಗೊ: ಹನ್ನೆರಡು ತಾಸೋ, ಇಪ್ಪತ್ತೆರಡೋ, ಮೂವತ್ತಮೂರೋ?

ಪ್ರಶ್ನೆ: ನಾನು ಬೀದರ್ ಜಿಲ್ಲೆಯ ಹುಮನಾಬಾದಿನವಳು. ಮಗಳು ಶಿಕಾಗೊದಲ್ಲಿದ್ದಾಳೆ, ಜೂನ್ ಕೊನೆಯಲ್ಲಿ ಅವಳ ಹೆರಿಗೆ. ಬಾಣಂತನಕ್ಕೆಂದು ನಾನೂ ನಮ್ಮ ಯಜಮಾನರೂ ಹೊರಟಿದ್ದೇವೆ. ಇಬ್ಬರಿಗೂ ಇದೇ ಮೊದಲ ವಿಮಾನ ಪ್ರಯಾಣ. ಟಿಕೆಟ್ಟಿನ ಪ್ರಕಾರ ಶನಿವಾರ ಬೆಳಗಿನ ಜಾವ 4.20ಕ್ಕೆ ಹೈದರಾಬಾದಿನಿಂದ ಹೊರಟು, ದುಬೈಯಲ್ಲಿ ವಿಮಾನ ಬದಲಿಸಿ, ಅದೇ ಶನಿವಾರ ಸಂಜೆ 4.15ಕ್ಕೆ ಶಿಕಾಗೊ ತಲುಪುತ್ತೇವೆ. ಅಂದರೆ ಹನ್ನೆರಡು ತಾಸು. ಅಳಿಯ ಮಾತ್ರ ಇಪ್ಪತ್ತೆರಡೂವರೆ ತಾಸು ಎನ್ನುತ್ತಾರೆ. ಫೋನಿನಲ್ಲಿ ದೂರ ಹುಡುಕಿದರೆ ಒಂದು ಕಡೆ 13,280, ಇನ್ನೊಂದು ಕಡೆ 8,250, ಮತ್ತೊಂದು ಕಡೆ 7,170 ಎಂದು ಬರುತ್ತದೆ. ಡಿಸೆಂಬರಿನಲ್ಲಿ ಮರಳುವ ಟಿಕೆಟ್ ನೋಡಿದರೆ ಶನಿವಾರ ರಾತ್ರಿ 8.35ಕ್ಕೆ ಹೊರಟವರು ಸೋಮವಾರ ಬೆಳಗಿನ ಜಾವ 3ಕ್ಕೆ ಹೈದರಾಬಾದಿನಲ್ಲಿ ಇಳಿಯುತ್ತೇವೆ. ಹೋಗುವಾಗ ಅರ್ಧ ದಿನ, ಬರುವಾಗ ಒಂದೂಕಾಲು ದಿನ ಹೇಗೆ? ಯಜಮಾನರಿಗೆ ಸಕ್ಕರೆ ಕಾಯಿಲೆ ಇದೆ, ಶನಿವಾರ ಒಪ್ಪತ್ತೂ ಇರುತ್ತಾರೆ. ಅದಕ್ಕೇ ಸರಿಯಾದ ಲೆಕ್ಕ ಬೇಕು.

ಉತ್ತರ: ಅಕ್ಕನವರೇ, ನಿಮ್ಮ ಅಳಿಯ ಹೇಳಿದ್ದು ಸರಿ. ಹೈದರಾಬಾದಿನಲ್ಲಿ ವಿಮಾನ ಕದಲಿದಾಗಿನಿಂದ ಶಿಕಾಗೊದಲ್ಲಿ ನಿಲ್ಲುವವರೆಗೆ 22 ತಾಸು 25 ನಿಮಿಷ. ಆದರೆ ನೀವಿಬ್ಬರೂ ಸಿದ್ಧರಾಗಬೇಕಾದದ್ದು ಅದಕ್ಕೂ ದೊಡ್ಡ ಸಂಖ್ಯೆಗೆ. ನಿಮ್ಮ ಮನೆಯ ಹೊಸ್ತಿಲಿನಿಂದ ಮಗಳ ಮನೆಯ ಹೊಸ್ತಿಲಿಗೆ ಸುಮಾರು 33 ತಾಸು. ಔಷಧಿ, ಊಟ, ನಿದ್ದೆ ಎಲ್ಲವನ್ನೂ ಈ 33ಕ್ಕೆ ಹೊಂದಿಸಿಕೊಳ್ಳಬೇಕು. ಟಿಕೆಟ್ಟಿನ ಮೇಲೆ ಕಾಣುವ ಹನ್ನೆರಡಕ್ಕೆ ಹೊಂದಿಸಿಕೊಂಡು ಹೊರಟರೆ ಅರ್ಧ ದಾರಿಯಲ್ಲಿ ಕಷ್ಟವಾಗುತ್ತದೆ. ವಿಮಾನಗಳಿಗೆ ದಾರಿ ಮತ್ತು ಇಂಧನದ ಲೆಕ್ಕ ಹಾಕುವ ಕೆಲಸದಲ್ಲಿ ನಾನು ಇಪ್ಪತ್ತಾರು ವರ್ಷ ಕಳೆದಿದ್ದೇನೆ. ಈಗ ಕಲಬುರಗಿಯಲ್ಲಿದ್ದೇನೆ. ಮಕ್ಕಳನ್ನು ಕಾಣಲು ಮೊದಲ ಬಾರಿಗೆ ವಿಮಾನ ಹತ್ತುವ ನಮ್ಮ ಭಾಗದ ಹಿರಿಯರು ಕೇಳುವ ಪ್ರಶ್ನೆಗಳಲ್ಲಿ ಇದೇ ಮುಖ್ಯವಾದದ್ದು, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ದೂರ. ಫೋನಿನಲ್ಲಿ ಕಂಡ ಮೂರು ಸಂಖ್ಯೆಗಳೂ ಒಂದೇ ದೂರವನ್ನು ಹೇಳುತ್ತಿವೆ. ಹೈದರಾಬಾದಿನಿಂದ ಶಿಕಾಗೊಗೆ ಅತಿ ಹತ್ತಿರದ ದಾರಿ ಸುಮಾರು 13,280 ಕಿಲೋಮೀಟರ್. ಅದನ್ನೇ ಮೈಲಿಯಲ್ಲಿ ಹೇಳಿದರೆ 8,250, ಹಡಗು ಮತ್ತು ವಿಮಾನದವರ ನಾಟಿಕಲ್ ಮೈಲಿಯಲ್ಲಿ ಹೇಳಿದರೆ 7,170. ಒಂದು ನಾಟಿಕಲ್ ಮೈಲಿ ಎಂದರೆ 1.852 ಕಿ.ಮೀ. ಭೂಮಿಯ ಸುತ್ತಳತೆಯನ್ನು 360 ಡಿಗ್ರಿಗೆ ಹಂಚಿ, ಒಂದು ಡಿಗ್ರಿಯನ್ನು ಮತ್ತೆ 60 ಪಾಲು ಮಾಡಿದರೆ ಬರುವ ಒಂದು ಪಾಲು ಅದು. ಸೀಟಿನ ಮುಂದಿನ ಪರದೆಯಲ್ಲಿಯೂ ದೂರ ಕಾಣಿಸುತ್ತದೆ. ಸಂಖ್ಯೆಯ ಪಕ್ಕದಲ್ಲಿ ಯಾವ ಮಾನ ಬರೆದಿದೆ ಎಂದು ನೋಡಿಕೊಂಡರೆ ಗೊಂದಲವಿಲ್ಲ.

ಆ ಪರದೆ ನೋಡಿದಾಗ ನಿಮಗೆ ಇನ್ನೊಂದು ಸಂಶಯ ಬಂದೇ ಬರುತ್ತದೆ. ಅಮೆರಿಕ ಪಶ್ಚಿಮದಲ್ಲಿದೆ ಎಂದು ಶಾಲೆಯಲ್ಲಿ ಓದಿದ್ದೇವೆ, ಈ ವಿಮಾನವೇಕೆ ಉತ್ತರಕ್ಕೆ ಏರಿ ಏರಿ ಹಿಮದ ನಾಡಿನ ಮೇಲೆ ಹೋಗುತ್ತಿದೆ ಎಂದು. ಇದಕ್ಕೆ ಮಾತಿಗಿಂತ ಕೈಯಿಂದ ಮಾಡಿ ನೋಡುವುದೇ ಲೇಸು. ಒಂದು ಕಲ್ಲಂಗಡಿ ಹಣ್ಣು ತೆಗೆದುಕೊಳ್ಳಿ, ಹೊಲಿಗೆಯ ನೂಲು ತೆಗೆದುಕೊಳ್ಳಿ. ತೊಟ್ಟು ಮೇಲೆ ಬರುವಂತೆ ಹಣ್ಣನ್ನು ಒಂದು ಸಿಂಬಿಯ ಮೇಲೆ ಕೂರಿಸಿ. ತೊಟ್ಟೇ ಉತ್ತರ ಧ್ರುವ. ತೊಟ್ಟಿನಿಂದ ಕೆಳಗಿಳಿಯುವ ಹಸಿರು ಪಟ್ಟೆಗಳೇ ರೇಖಾಂಶಗಳು. ನಡುವಿನಿಂದ ತುಸು ಮೇಲೆ ಒಂದು ಚುಕ್ಕೆ ಇಡಿ, ಅದು ಹೈದರಾಬಾದ್. ಹಣ್ಣಿನ ಹೆಚ್ಚುಕಡಿಮೆ ಆಚೆ ಮಗ್ಗುಲಿನಲ್ಲಿ, ನಡುವಿಗೂ ತೊಟ್ಟಿಗೂ ಅರ್ಧ ದಾರಿಯಲ್ಲಿ ಇನ್ನೊಂದು ಚುಕ್ಕೆ ಇಡಿ, ಅದು ಶಿಕಾಗೊ. ಈಗ ನೂಲಿನ ಒಂದು ತುದಿಯನ್ನು ಮೊದಲ ಚುಕ್ಕೆಯ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿದು, ಹಣ್ಣಿನ ಸೊಂಟವನ್ನು ಬಳಸಿಕೊಂಡು ಎರಡನೆಯ ಚುಕ್ಕೆಗೆ ಒಯ್ಯಿರಿ. ನಂತರ ನೂಲನ್ನು ಬಿಗಿಯಾಗಿ ಎಳೆಯಿರಿ. ನೂಲು ಸೊಂಟದಲ್ಲಿ ನಿಲ್ಲುವುದಿಲ್ಲ. ಮೆಲ್ಲಗೆ ಮೇಲಕ್ಕೆ ಜಾರಿ, ತೊಟ್ಟಿನ ಪಕ್ಕಕ್ಕೆ ಬಂದು ಕೂರುತ್ತದೆ, ಎರಡು ಬೆರಳಿನಷ್ಟು ನೂಲು ನಿಮ್ಮ ಕೈಯಲ್ಲಿ ಮಿಕ್ಕುತ್ತದೆ. ಹಾಗೆ ಮಿಕ್ಕ ನೂಲೇ ಉಳಿದ ದೂರ.

ಗೋಡೆಯ ಮೇಲಿನ ಭೂಪಟದಲ್ಲಿ ಸ್ಕೇಲ್ ಇಟ್ಟು ಹೈದರಾಬಾದಿನಿಂದ ಶಿಕಾಗೊಗೆ ಗೆರೆ ಎಳೆದು, ದಿಕ್ಸೂಚಿಯ ಒಂದೇ ಕೋನದಲ್ಲಿ ಆ ಗೆರೆಯ ಮೇಲೆಯೇ ಹೋದರೆ ದಾರಿ ಸುಮಾರು 16,100 ಕಿ.ಮೀ. ಆಗುತ್ತದೆ. ಬಿಗಿದ ನೂಲಿನ ದಾರಿ 13,280. ಎರಡೂ ಮುಕ್ಕಾಲು ಸಾವಿರ ಕಿಲೋಮೀಟರಿಗೂ ಹೆಚ್ಚು ಉಳಿತಾಯ. ಬಿಗಿದ ನೂಲಿನ ಈ ದಾರಿಗೆ ಮಹಾವೃತ್ತ ಎಂದು ಹೆಸರು. ಹೈದರಾಬಾದಿನಿಂದ ನೇರ ಶಿಕಾಗೊಗೆ ಹೋಗುವ ಮಹಾವೃತ್ತ ಪಶ್ಚಿಮಕ್ಕೆ ಮುಖ ಮಾಡುವುದೇ ಇಲ್ಲ. ಉತ್ತರದಿಂದ ಹನ್ನೆರಡು ಡಿಗ್ರಿ ಮಾತ್ರ ಪಶ್ಚಿಮಕ್ಕೆ ವಾಲಿ ಹೊರಟು, 79 ಡಿಗ್ರಿ ಉತ್ತರ ಅಕ್ಷಾಂಶದ ಸಮೀಪ, ಗ್ರೀನ್‌ಲ್ಯಾಂಡಿನ ಈಶಾನ್ಯ ಕರಾವಳಿಯ ಹತ್ತಿರ ತುದಿ ಮುಟ್ಟಿ, ಅಲ್ಲಿಂದ ಕೆನಡಾದ ಮೇಲೆ ಕೆಳಗಿಳಿಯುತ್ತದೆ. ನೀವು ಹೋಗುವ ದುಬೈ–ಶಿಕಾಗೊ ದಾರಿಯ ಮಹಾವೃತ್ತ ಅಷ್ಟು ಮೇಲೆ ಹೋಗುವುದಿಲ್ಲ. ಅದರ ತುದಿ 65 ಡಿಗ್ರಿ, ಐಸ್‌ಲ್ಯಾಂಡ್ ಮೇಲೆ. ಅದನ್ನು ದಾಟಿದ ಮೇಲೆ ಗ್ರೀನ್‌ಲ್ಯಾಂಡಿನ ದಕ್ಷಿಣ ಭಾಗ ಬರುತ್ತದೆ. ಮೋಡವಿಲ್ಲದಿದ್ದರೆ ಕಿಟಕಿಯ ಪರದೆ ಸರಿಸಿ ನೋಡಿ. ಕಪ್ಪು ಬಂಡೆಗಳ ನಡುವೆ ಹಿಮನದಿಗಳು ಸಮುದ್ರಕ್ಕೆ ಇಳಿಯುವುದು ಕಾಣುತ್ತದೆ. ಅಂಥ ನೋಟಕ್ಕಾಗಿ ನಿದ್ದೆಗೆಡುವುದು ತಪ್ಪಲ್ಲ.

ದೂರದ ಮಾತು ಬಂದಾಗ ನಿಮ್ಮ ಜಿಲ್ಲೆಯ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ಇಂದು ಫೋನು ಕ್ಷಣದಲ್ಲಿ ದೂರ ಹೇಳಬೇಕಾದರೆ ಭೂಮಿಯ ಆಕಾರ ಗೊತ್ತಿರಬೇಕು. ಅದು ಪೂರ್ತಿ ಗುಂಡಗಿಲ್ಲ. ನಡುವಿನಲ್ಲಿ ತ್ರಿಜ್ಯ 6,378 ಕಿ.ಮೀ., ಧ್ರುವದ ಕಡೆ 6,357. ಈ ಚಪ್ಪಟೆತನವನ್ನು ನಮ್ಮ ದೇಶದಲ್ಲಿ ಅಳೆಯಲು 1802ರಲ್ಲಿ ಮದ್ರಾಸಿನಿಂದ ಶುರುವಾದ ಮಹಾ ತ್ರಿಕೋನಮಿತಿ ಸರ್ವೆಯ ಮುಖ್ಯ ನೆಲೆಗಳಲ್ಲಿ ಬೀದರ್ ಒಂದು. ಆ ಸರ್ವೆಯನ್ನು ಆರಂಭಿಸಿದ ವಿಲಿಯಂ ಲ್ಯಾಂಬ್ಟನ್ 1815ರಲ್ಲಿ ಬೀದರಿನ ಬಳಿ ಒಂದು ಆಧಾರರೇಖೆಯನ್ನು, ಅಂದರೆ ತ್ರಿಕೋನಗಳ ಲೆಕ್ಕಕ್ಕೆ ಆಧಾರವಾಗಿ ನೆಲದ ಮೇಲೆಯೇ ಅಳೆಯುವ ಗೆರೆಯನ್ನು, ಅಳೆದರು. 1841ರಲ್ಲಿ, ಲ್ಯಾಂಬ್ಟನ್ ನಂತರ ಸರ್ವೆಯ ಮುಖ್ಯಸ್ಥರಾದ ಜಾರ್ಜ್ ಎವರೆಸ್ಟ್ ಅವರ ಕಾಲದಲ್ಲಿ, ಅಲ್ಲಿ ಮತ್ತೆ ಅಳತೆ ನಡೆಯಿತು. ಉತ್ತರದಿಂದ ಬೆಟ್ಟ ಬೆಟ್ಟಕ್ಕೆ ತ್ರಿಕೋನ ಹೆಣೆಯುತ್ತ ಲೆಕ್ಕ ಹಾಕಿ ತಂದ ಉದ್ದಕ್ಕೂ, ಬೀದರಿನ ನೆಲದ ಮೇಲೆ ಸರಳು ಇಟ್ಟು ಅಳೆದ ಉದ್ದಕ್ಕೂ ಹಲವು ಮೈಲಿಗಳಲ್ಲಿ ಬಂದ ವ್ಯತ್ಯಾಸ ಕೆಲವು ಅಂಗುಲ ಮಾತ್ರ. ಬೀದರಿನ ಕೆಂಪು ನೆಲದ ಮೇಲೆ ಬಿಸಿಲಿನಲ್ಲಿ ನಿಂತು ಅಳೆದ ನಮ್ಮ ಜನರ ಹೆಸರುಗಳು ಆ ದಾಖಲೆಗಳಲ್ಲಿ ಬಹುಪಾಲು ಇಲ್ಲ. ನನಗೆ ಅದು ಇಂದಿಗೂ ನೋವಿನ ವಿಷಯ. ಎರಡು ಊರುಗಳ ನಡುವಿನ ದೂರಕ್ಕೆ ಎರಡು ಜಾಲತಾಣಗಳು ಹತ್ತಾರು ಕಿಲೋಮೀಟರ್ ಹೆಚ್ಚುಕಡಿಮೆ ಹೇಳುವುದಕ್ಕೂ ಭೂಮಿಯ ಈ ಚಪ್ಪಟೆತನವೇ ಕಾರಣ. ಒಂದು ತಾಣ ಭೂಮಿಯನ್ನು ಚೆಂಡು ಎಂದುಕೊಳ್ಳುತ್ತದೆ, ಇನ್ನೊಂದು ಚಪ್ಪಟೆತನವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ.

ಇನ್ನು ವೇಳೆ. ವಿಮಾನದ ವೇಗ ತಾಸಿಗೆ 900 ಕಿ.ಮೀ. ಎಂದು ಎಲ್ಲೆಡೆ ಬರೆದಿರುತ್ತಾರೆ. 13,280ನ್ನು 900ರಿಂದ ಭಾಗಿಸಿದರೆ ಹದಿನಾಲ್ಕೂ ಮುಕ್ಕಾಲು ತಾಸು ಬರುತ್ತದೆ. ಹಾಗಾದರೆ ಇಪ್ಪತ್ತೆರಡು ಏಕೆ? ಮೊದಲ ಕಾರಣ, ನೀವು ನೇರ ಹೋಗುತ್ತಿಲ್ಲ. ಏರ್ ಇಂಡಿಯಾ 2021ರ ಜನವರಿಯಲ್ಲಿ ಹೈದರಾಬಾದ್–ಶಿಕಾಗೊ ನಡುವೆ ವಾರಕ್ಕೊಂದು ನೇರ ವಿಮಾನ ಆರಂಭಿಸಿತ್ತು, ಅದು ಬಹಳ ಕಾಲ ನಡೆಯಲಿಲ್ಲ. ನಿಮ್ಮ ದಾರಿ ಹೈದರಾಬಾದ್–ದುಬೈ 2,550, ದುಬೈ–ಶಿಕಾಗೊ 11,640, ಒಟ್ಟು 14,190 ಕಿ.ಮೀ. ನೇರ ದಾರಿಗಿಂತ ಒಂಬೈನೂರು ಕಿಲೋಮೀಟರ್ ಹೆಚ್ಚು, ಅಂದರೆ ಒಂದು ತಾಸಿನ ಹಾರಾಟ. ದುಬೈ ಸುತ್ತಿ ಹೋಗುವುದರಿಂದ ಭಾರಿ ನಷ್ಟ ಎಂದು ಕೆಲವರು ಹೇಳುವುದನ್ನು ನಂಬಬೇಡಿ. ಅಲ್ಲಿ ನಷ್ಟವಾಗುವುದು ಕಾಯುವ ಸಮಯ. ನೀವು ದುಬೈಯಲ್ಲಿ ಅಲ್ಲಿನ ವೇಳೆ 6.40ಕ್ಕೆ ಇಳಿದು 9.45ಕ್ಕೆ ಹೊರಡುತ್ತೀರಿ ಎಂದು ನೀವು ಕಳಿಸಿದ ಟಿಕೆಟ್ಟಿನಲ್ಲಿದೆ. ಮೂರು ತಾಸು ಐದು ನಿಮಿಷ. ಮೊದಲ ಬಾರಿ ಹೋಗುವ ಹಿರಿಯರಿಗೆ ಇದು ಹದವಾದ ಅಂತರ. ಒಂದೂವರೆ ತಾಸಿದ್ದರೆ ಓಡಬೇಕಾಗುತ್ತದೆ, ಎಂಟು ತಾಸಿದ್ದರೆ ಕಾಲು ಬಾತುಕೊಳ್ಳುತ್ತವೆ.

ಮೊದಲ ಹಾರಾಟ 3 ತಾಸು 50 ನಿಮಿಷ, ಎರಡನೆಯದು 15 ತಾಸು 30 ನಿಮಿಷ. ಎರಡೂ ಸೇರಿ 19 ತಾಸು 20 ನಿಮಿಷ, ನಡುವಿನ ಕಾಯುವಿಕೆ ಸೇರಿಸಿದರೆ ಅಳಿಯ ಹೇಳಿದ 22 ತಾಸು 25 ನಿಮಿಷ. ಟಿಕೆಟ್ಟಿನ ಹಾರಾಟದ ಅವಧಿ ವಿಮಾನ ನಿಲುಗಡೆಯಿಂದ ಕದಲಿದ ಕ್ಷಣದಿಂದ ಇನ್ನೊಂದು ನಿಲುಗಡೆಯಲ್ಲಿ ನಿಲ್ಲುವವರೆಗಿನದು. ರನ್‌ವೇಗೆ ಸಾಗುವುದು, ಸರದಿ ಕಾಯುವುದು, ಏರುವುದು, ಇಳಿಯುವುದು, ಇಳಿದ ಮೇಲೆ ಮತ್ತೆ ಸಾಗುವುದು ಎಲ್ಲವೂ ಅದರಲ್ಲಿ ಸೇರಿವೆ. 900ರ ವೇಗ ಇರುವುದು ಮೇಲೆ ಏರಿದ ಮೇಲಷ್ಟೇ.

ಎರಡನೆಯ ಕಾರಣ ಗಾಳಿ. ನನ್ನ ವೃತ್ತಿಯ ಬಹುಪಾಲು ರಾತ್ರಿಗಳು ಗಾಳಿಯ ನಕ್ಷೆ ನೋಡುವುದರಲ್ಲೇ ಕಳೆದಿವೆ. ಆಷಾಢದಲ್ಲಿ ಹುಮನಾಬಾದಿನಿಂದ ಬಸವಕಲ್ಯಾಣದ ಕಡೆಗೆ ಸೈಕಲ್ ತುಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪಡುವಣ ಗಾಳಿ ಎದೆಗೆ ಬಡಿಯುತ್ತದೆ, ಪೆಡಲ್ ಕಲ್ಲಾಗುತ್ತದೆ. ಮರಳಿ ಬರುವಾಗ ಅದೇ ಗಾಳಿ ಬೆನ್ನಿಗೆ ಬಂದು ಸೈಕಲ್ ತಾನಾಗಿ ಓಡುತ್ತದೆ. ಮೇಲೆ, ನೆಲದಿಂದ ಒಂಬತ್ತರಿಂದ ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ನದಿಯಂತೆ ಹರಿಯುವ ಗಾಳಿ ಇದೆ. ಅದಕ್ಕೆ ಜೆಟ್ ಸ್ಟ್ರೀಮ್ ಎನ್ನುತ್ತಾರೆ. ಕೆಲವೊಮ್ಮೆ ಅದರ ವೇಗ ತಾಸಿಗೆ 200, 300 ಕಿ.ಮೀ. ದಾಟುತ್ತದೆ. ವಿಮಾನ ಹಾರುವುದೂ ಅದೇ ಎತ್ತರದಲ್ಲಿ. ಒಂದು ಸರಳ ಲೆಕ್ಕ ನೋಡಿ. 11,640 ಕಿ.ಮೀ. ದಾರಿಗೆ ಸರಾಸರಿ 100 ಕಿ.ಮೀ. ವೇಗದ ಗಾಳಿ ಎದುರಾದರೆ ವಿಮಾನ ನೆಲದ ಲೆಕ್ಕದಲ್ಲಿ 800ರಂತೆ ಸಾಗುತ್ತದೆ, ಹದಿನಾಲ್ಕೂವರೆ ತಾಸು ಹಿಡಿಯುತ್ತದೆ. ಅದೇ ಗಾಳಿ ಬೆನ್ನಿಗಿದ್ದರೆ 1,000ದಂತೆ ಸಾಗಿ ಹನ್ನೊಂದು ತಾಸು ನಲವತ್ತು ನಿಮಿಷದೊಳಗೆ ಮುಗಿಸುತ್ತದೆ. ಯಂತ್ರ ಒಂದೇ, ದೂರ ಒಂದೇ, ಮೂರು ತಾಸಿನ ವ್ಯತ್ಯಾಸ.

ನಿಮ್ಮ ಎರಡು ಟಿಕೆಟ್ಟುಗಳ ನಡುವೆ ಇರುವುದೂ ಸರಿಯಾಗಿ ಮೂರೇ ತಾಸು. ಹೋಗುವಾಗ ಆಕಾಶದಲ್ಲಿ 19 ತಾಸು 20 ನಿಮಿಷ, ಬರುವಾಗ ಶಿಕಾಗೊ–ದುಬೈ 13 ತಾಸು, ದುಬೈ–ಹೈದರಾಬಾದ್ 3 ತಾಸು 20 ನಿಮಿಷ, ಒಟ್ಟು 16 ತಾಸು 20 ನಿಮಿಷ. ಬರುವಾಗ ಒಂದೂಕಾಲು ದಿನ ಎಂದು ನೀವು ಹೆದರಿದ್ದೀರಿ. ನಿಜಕ್ಕೂ ನೀವು ಬೇಗ ಬರುತ್ತೀರಿ.

ಗಾಳಿಯ ಬಲ ಎಷ್ಟೆಂದು ತಿಳಿಯಲು ಎರಡು ನಿಜ ಸಂಗತಿಗಳು. 2020ರ ಫೆಬ್ರುವರಿ 9ರಂದು ಬ್ರಿಟಿಷ್ ಏರ್‌ವೇಸ್‌ನ ಒಂದು ವಿಮಾನ ನ್ಯೂಯಾರ್ಕಿನಿಂದ ಲಂಡನ್ನಿಗೆ 4 ತಾಸು 56 ನಿಮಿಷದಲ್ಲಿ ಬಂತು. ಸಾಮಾನ್ಯವಾಗಿ ಆರರಿಂದ ಏಳು ತಾಸಿನ ದಾರಿ ಅದು. ಅಂದು ಅಟ್ಲಾಂಟಿಕ್ ಮೇಲೆ ಬಿರುಗಾಳಿಯ ದಿನ. ಇನ್ನೊಂದು ನಮ್ಮ ದೇಶದ್ದು. 2016ರ ಅಕ್ಟೋಬರಿನಲ್ಲಿ ಏರ್ ಇಂಡಿಯಾ ತನ್ನ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನವನ್ನು ಅಟ್ಲಾಂಟಿಕ್ ಬಿಟ್ಟು ಪೆಸಿಫಿಕ್ ಕಡೆಯಿಂದ, ಪೂರ್ವಕ್ಕೆ ಹಾರಿಸಿತು. ದಾರಿ 13,900ರಿಂದ 15,300 ಕಿ.ಮೀ.ಗೆ ಬೆಳೆಯಿತು. ಆದರೂ ಹದಿನಾಲ್ಕೂವರೆ ತಾಸಿನಲ್ಲಿ, ಹಳೆಯ ದಾರಿಗಿಂತ ಸುಮಾರು ಎರಡು ತಾಸು ಮೊದಲೇ ತಲುಪಿತು. ಸಾವಿರದ ನಾನೂರು ಕಿಲೋಮೀಟರ್ ಹೆಚ್ಚು ಹಾರಿ ಎರಡು ತಾಸು ಉಳಿಸಿದ್ದು ಬೆನ್ನ ಹಿಂದಿನ ಗಾಳಿಯಿಂದ. ನಾವು ದಾರಿ ಹಾಕುವಾಗಲೂ ಇದನ್ನೇ ಮಾಡುತ್ತಿದ್ದೆವು. ಹೊರಡುವುದಕ್ಕೆ ನಾಲ್ಕೈದು ತಾಸು ಮೊದಲು ಆ ರಾತ್ರಿಯ ಗಾಳಿಯ ಮುನ್ಸೂಚನೆ ಬರುತ್ತಿತ್ತು. ಅದನ್ನಿಟ್ಟುಕೊಂಡು ಮೂರು ನಾಲ್ಕು ದಾರಿಗಳನ್ನು ಅಕ್ಕಪಕ್ಕ ಹಾಕಿ ನೋಡುತ್ತಿದ್ದೆವು. ನೆಲದ ಮೇಲೆ ನಾನೂರು ಕಿಲೋಮೀಟರ್ ಉದ್ದವಿದ್ದ ದಾರಿಯೇ ಅರ್ಧ ತಾಸು ಬೇಗ ಮುಗಿಯುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಆದ್ದರಿಂದ ನಿಮ್ಮ ವಿಮಾನ ಅಂದು ಐಸ್‌ಲ್ಯಾಂಡ್ ಮೇಲೆಯೇ ಹೋಗುತ್ತದೆ ಎಂದು ಯಾರೂ ಇಂದು ಮಾತು ಕೊಡಲಾರರು.

ಯುದ್ಧ, ರಾಜಕೀಯವೂ ದಾರಿ ತಿರುಗಿಸುತ್ತವೆ. 2022ರಲ್ಲಿ ಅಮೆರಿಕ ಮತ್ತು ಯುರೋಪಿನ ಬಹುಪಾಲು ವಿಮಾನಗಳಿಗೆ ರಷ್ಯಾದ ಆಕಾಶ ಮುಚ್ಚಿತು. 2025ರ ಏಪ್ರಿಲಿನಲ್ಲಿ ಪಹಲ್ಗಾಮ್ ದಾಳಿಯ ನಂತರ ಪಾಕಿಸ್ತಾನ ನಮ್ಮ ದೇಶದ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿದಾಗ ದೆಹಲಿಯಿಂದ ಅಮೆರಿಕಕ್ಕೆ ಹೋಗುವ ವಿಮಾನಗಳು ಬಳಸಿ ಹೋಗಬೇಕಾಯಿತು, ಕೆಲವು ಯುರೋಪಿನಲ್ಲಿ ಇಳಿದು ಇಂಧನ ತುಂಬಿಸಿಕೊಂಡವು. ಹೊರಡುವ ಹಿಂದಿನ ದಿನ ಅಳಿಯನಿಂದ ಒಮ್ಮೆ ವೇಳೆ ಖಚಿತಪಡಿಸಿಕೊಳ್ಳಿ.

ಈಗ ಗಡಿಯಾರ. ಭೂಮಿ 24 ತಾಸಿನಲ್ಲಿ 360 ಡಿಗ್ರಿ ತಿರುಗುತ್ತದೆ, ತಾಸಿಗೆ 15. ಹುಮನಾಬಾದ್ 77 ಡಿಗ್ರಿ ಪೂರ್ವದಲ್ಲಿದೆ, ಶಿಕಾಗೊ 88 ಡಿಗ್ರಿ ಪಶ್ಚಿಮದಲ್ಲಿ. ಕೂಡಿಸಿದರೆ 165, ಹದಿನೈದರಿಂದ ಭಾಗಿಸಿದರೆ 11. ಸೂರ್ಯನ ಲೆಕ್ಕದಲ್ಲಿ ಅವರು ನಮಗಿಂತ ಹನ್ನೊಂದು ತಾಸು ಹಿಂದೆ. ಗಡಿಯಾರಗಳನ್ನು ಮಾತ್ರ ಊರೂರಿನ ಸೂರ್ಯನಿಗೆ ಹೊಂದಿಸಿಲ್ಲ. ನಮ್ಮ ದೇಶದ್ದು 82.5 ಡಿಗ್ರಿ ಪೂರ್ವಕ್ಕೆ, ಶಿಕಾಗೊದ್ದು 90 ಡಿಗ್ರಿ ಪಶ್ಚಿಮಕ್ಕೆ ಹೊಂದಿಸಿದ್ದು, ಹಾಗಾಗಿ ಗಡಿಯಾರದ ಅಂತರ ಹನ್ನೊಂದೂವರೆ ತಾಸು. ಆದರೆ ಮಾರ್ಚ್ ಎರಡನೆಯ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಅಲ್ಲಿನವರು ಗಡಿಯಾರವನ್ನು ಒಂದು ತಾಸು ಮುಂದಿಡುತ್ತಾರೆ. ಹೀಗಾಗಿ ಬೇಸಿಗೆಯಲ್ಲಿ ಹತ್ತೂವರೆ, ಚಳಿಗಾಲದಲ್ಲಿ ಹನ್ನೊಂದೂವರೆ ತಾಸಿನ ಅಂತರ. ನಿಮ್ಮ ಜೂನ್ ಟಿಕೆಟ್ಟಿನಲ್ಲಿ 4.20ರಿಂದ 4.15ಕ್ಕೆ ಇರುವುದು 11 ತಾಸು 55 ನಿಮಿಷ. ಅದಕ್ಕೆ ಹತ್ತೂವರೆ ಕೂಡಿಸಿ, 22 ತಾಸು 25 ನಿಮಿಷ ಬಂತು. ಡಿಸೆಂಬರಿನದರಲ್ಲಿ ಶನಿವಾರ ರಾತ್ರಿ 8.35ರಿಂದ ಸೋಮವಾರ 3ಕ್ಕೆ ಇರುವುದು 30 ತಾಸು 25 ನಿಮಿಷ. ಅದರಿಂದ ಹನ್ನೊಂದೂವರೆ ಕಳೆಯಿರಿ, ಉಳಿಯುವುದು 18 ತಾಸು 55 ನಿಮಿಷ. ಪಶ್ಚಿಮಕ್ಕೆ ಹೋಗುವಾಗ ಕೂಡಿಸುವುದು, ಮನೆಗೆ ಬರುವಾಗ ಕಳೆಯುವುದು. ಇಷ್ಟು ನೆನಪಿದ್ದರೆ ಯಾವ ಟಿಕೆಟ್ಟನ್ನಾದರೂ ಬಿಡಿಸಬಹುದು.

ಯಜಮಾನರ ಶನಿವಾರದ ಬಗ್ಗೆ ನಾನು ಹೆಚ್ಚು ಯೋಚಿಸಿದೆ. ಆ ಶನಿವಾರ ನಿಮಗೆ 24 ತಾಸಿನದಾಗಿರುವುದಿಲ್ಲ. ನಮ್ಮ ಮಧ್ಯರಾತ್ರಿಗೆ ಶುರುವಾಗಿ ಶಿಕಾಗೊದ ಮಧ್ಯರಾತ್ರಿಗೆ ಮುಗಿಯುವ ಆ ದಿನ ಮೂವತ್ತನಾಲ್ಕೂವರೆ ತಾಸಿನದು. ಅಷ್ಟೇ ಅಲ್ಲದೆ ದುಬೈ ಸಮೀಪಿಸುವಾಗ ಹುಟ್ಟಿದ ಸೂರ್ಯ ನಿಮ್ಮ ಜೊತೆಗೇ ಪಶ್ಚಿಮಕ್ಕೆ ಬರುತ್ತಾನೆ. ಜೂನ್ ತಿಂಗಳಾದ್ದರಿಂದ ಉತ್ತರದ ಆಕಾಶದಲ್ಲಿ ಕತ್ತಲೆಯೇ ಇರುವುದಿಲ್ಲ. ಶಿಕಾಗೊದಲ್ಲಿ ಸೂರ್ಯ ಮುಳುಗುವುದು ರಾತ್ರಿ ಎಂಟೂವರೆಯ ಹೊತ್ತಿಗೆ. ಸುಮಾರು ಇಪ್ಪತ್ತನಾಲ್ಕು ತಾಸು ಒಂದೇ ಹಗಲು. ‘ಹೊತ್ತು ಮುಳುಗಿದ ಮೇಲೆ ಉಣ್ಣುತ್ತೇನೆ’ ಎಂದು ಕುಳಿತರೆ ಸಕ್ಕರೆಯ ಗುಳಿಗೆ ತಿನ್ನುವವರಿಗೆ ಅದು ಅಪಾಯ. ಗುಳಿಗೆ ತೆಗೆದುಕೊಂಡು ಊಟ ಬಿಟ್ಟರೆ ಸಕ್ಕರೆ ಕುಸಿದು ಬೆವರು, ನಡುಕ ಬರಬಹುದು, ಎಚ್ಚರವೂ ತಪ್ಪಬಹುದು. ಅಂಥ ಸ್ಥಿತಿಯಲ್ಲಿ ಸಮುದ್ರದ ನಡುವೆ ವಿಮಾನ ಇಳಿಸಲು ಜಾಗವಿರುವುದಿಲ್ಲ. ಆ ಒಂದು ಶನಿವಾರ ಒಪ್ಪತ್ತು ಬೇಡ. ಮುಂದಿನ ಶನಿವಾರ ಮಗಳ ಮನೆಯಲ್ಲಿ ನಡೆಸಬಹುದು, ಅದನ್ನೂ ವೈದ್ಯರನ್ನು ಕೇಳಿಯೇ.

ಗುಳಿಗೆಯ ವೇಳೆಗೆ ಒಂದು ಹಳೆಯ ಕೈಗಡಿಯಾರ ಸಾಕು. ಅದನ್ನು ಹುಮನಾಬಾದಿನ ವೇಳೆಯಲ್ಲೇ ಬಿಡಿ, ಮುಟ್ಟಬೇಡಿ. ಫೋನನ್ನು ಇದಕ್ಕೆ ನಂಬಬೇಡಿ, ಅದು ದುಬೈಯಲ್ಲಿ ಒಮ್ಮೆ, ಶಿಕಾಗೊದಲ್ಲಿ ಒಮ್ಮೆ ತಾನೇ ವೇಳೆ ಬದಲಿಸಿಕೊಂಡು ಅಲಾರಂ ತಪ್ಪಿಸುತ್ತದೆ. ಯಜಮಾನರು ಬೆಳಿಗ್ಗೆ 8, ರಾತ್ರಿ 8ಕ್ಕೆ ಗುಳಿಗೆ ತೆಗೆದುಕೊಳ್ಳುವವರಾದರೆ ಶುಕ್ರವಾರ ರಾತ್ರಿಯದು ಮನೆಯಲ್ಲೇ ಆಗುತ್ತದೆ. ಮುಂದಿನದು ದುಬೈಯಲ್ಲಿ ಇಳಿಯುವ ಹೊತ್ತಿಗೆ ಬರುತ್ತದೆ. ಇಳಿದು, ಕುಳಿತು, ಕಟ್ಟಿಕೊಂಡು ಹೋದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ತಿಂದು ತೆಗೆದುಕೊಳ್ಳಲಿ. ಅದರ ನಂತರದ್ದು ಎರಡನೆಯ ವಿಮಾನ ಹೊರಟು ಎಂಟೂ ಮುಕ್ಕಾಲು ತಾಸಿಗೆ, ಆಕಾಶದಲ್ಲಿ. ಊಟ ಕೊಡುವವರಿಗೆ ಮೊದಲೇ ಹೇಳಿಟ್ಟರೆ ಆ ಹೊತ್ತಿಗೆ ಏನಾದರೂ ತಂದುಕೊಡುತ್ತಾರೆ. ನಾಲ್ಕನೆಯದು ಶಿಕಾಗೊದ ರಾತ್ರಿ ಒಂಬತ್ತೂವರೆಗೆ, ಮಗಳ ಮನೆಯ ಊಟದ ಜೊತೆಗೆ. ಅಲ್ಲಿಂದ ಮುಂದೆ ಅಲ್ಲಿನ ಒಂಬತ್ತೂವರೆಯನ್ನೇ ಹಿಡಿಯಬಹುದು. ಈ ನಾಲ್ಕು ಸಾಲನ್ನು ಚೀಟಿಯಲ್ಲಿ ಬರೆದು ನಿಮ್ಮ ವೈದ್ಯರಿಗೆ ತೋರಿಸಿ, ಅವರು ತಿದ್ದಿದಂತೆ ನಡೆಯಿರಿ. ಇನ್ಸುಲಿನ್ ಚುಚ್ಚಿಕೊಳ್ಳುವವರಾದರೆ ಅವರ ಸಲಹೆ ಇಲ್ಲದೆ ಹೊರಡಲೇಬೇಡಿ. ಔಷಧಿ ಎಲ್ಲವೂ ಕೈಚೀಲದಲ್ಲಿರಲಿ, ಚೀಟಿಯ ಸಮೇತ. ಕೆಳಗಿನ ಲಗೇಜಿನಲ್ಲಿ ಇನ್ಸುಲಿನ್ ಇಟ್ಟರೆ ಚಳಿಗೆ ಹೆಪ್ಪುಗಟ್ಟಿ ಕೆಡಬಹುದು. ಎರಡು ತಾಸಿಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಓಡಾಡಲು ದಾರಿಯ ಪಕ್ಕದ ಸೀಟು ಕೇಳಿ ಪಡೆಯಿರಿ.

ಎಲ್ಲಕ್ಕಿಂತ ಹೆಚ್ಚಾಗಿ ನಮ್ಮವರು ಎಡವುವುದು ವಾರದ ಹೆಸರಿನಲ್ಲಿ. ನಮಗೆ ಹೊತ್ತು ಹುಟ್ಟಿದರೆ ದಿನ. ಪಂಚಾಂಗದ ವಾರವೂ ಸೂರ್ಯೋದಯದಿಂದ ಸೂರ್ಯೋದಯಕ್ಕೆ. ಟಿಕೆಟ್ಟಿನ ದಿನ ಮಧ್ಯರಾತ್ರಿಗೆ ಬದಲಾಗುತ್ತದೆ. ‘ಶನಿವಾರ ಬೆಳಗಿನ ಜಾವ 4.20’ ಎಂದರೆ ನಮ್ಮ ಬಾಯಲ್ಲಿ ಶುಕ್ರವಾರ ರಾತ್ರಿ. ಹಲವು ವರ್ಷಗಳ ಹಿಂದೆ ಒಂದು ಭಾನುವಾರ ನಸುಕಿನಲ್ಲಿ ಶಂಷಾಬಾದಿನಲ್ಲಿರುವ ಹೈದರಾಬಾದ್ ವಿಮಾನ ನಿಲ್ದಾಣದಲ್ಲಿ ಯಾದಗಿರಿ ಕಡೆಯ ಒಂದು ಕುಟುಂಬವನ್ನು ಕಂಡೆ. ಶನಿವಾರ ಬೆಳಗಿನ ಜಾವದ ಟಿಕೆಟ್ ಹಿಡಿದು ಶನಿವಾರ ರಾತ್ರಿ ಊಟ ಮುಗಿಸಿ ಬಂದಿದ್ದರು. ವಿಮಾನ ಹೋಗಿ ಒಂದು ದಿನವಾಗಿತ್ತು. ಮುದುಕಿಯೊಬ್ಬರು ಅರಿವೆಯಲ್ಲಿ ಕಟ್ಟಿದ ಬಾಣಂತಿ ಖಾರದ ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ಯಾರನ್ನೂ ಏನೂ ಕೇಳದೆ ಕುಳಿತಿದ್ದರು. ಆ ಮುಖ ನನ್ನ ಕಣ್ಣಿನಿಂದ ಇನ್ನೂ ಹೋಗಿಲ್ಲ.

ಆದ್ದರಿಂದ ನಿಮ್ಮ ಕ್ಯಾಲೆಂಡರಿನಲ್ಲಿ ಗುರುತು ಹಾಕಬೇಕಾದದ್ದು ಶುಕ್ರವಾರಕ್ಕೆ. ರಾತ್ರಿ 8.30ಕ್ಕೆ ಮನೆ ಬಿಡಿ. ಜಹೀರಾಬಾದ್ ಮಾರ್ಗವಾಗಿ ಹೆದ್ದಾರಿ ಹಿಡಿದು, ಹೈದರಾಬಾದ್ ಊರೊಳಗೆ ಹೋಗದೆ ಹೊರವರ್ತುಲ ರಸ್ತೆಯಲ್ಲಿ ಶಂಷಾಬಾದಿಗೆ ತಿರುಗಿದರೆ ನಡುವೆ ಚಹಾಕ್ಕೆ ನಿಂತರೂ ನಾಲ್ಕು ತಾಸು ಸಾಕು. ಹನ್ನೆರಡೂವರೆ ಒಂದರ ಒಳಗೆ ನಿಲ್ದಾಣದಲ್ಲಿರುತ್ತೀರಿ, ಮೂರು ತಾಸಿಗಿಂತ ಹೆಚ್ಚು ಕೈಯಲ್ಲಿರುತ್ತದೆ. ಹುಮನಾಬಾದಿನಿಂದ ಶಂಷಾಬಾದಿಗೆ ಹಿಡಿಯುವಷ್ಟೇ ಹೊತ್ತಿನಲ್ಲಿ ಅಲ್ಲಿಂದ ದುಬೈ ತಲುಪುತ್ತೀರಿ. ಕಲಬುರಗಿ ವಿಮಾನ ನಿಲ್ದಾಣ 2019ರ ನವೆಂಬರ್ 22ರಂದು ಉದ್ಘಾಟನೆಯಾದಾಗ ಈ ಮೊದಲ ನಾಲ್ಕು ತಾಸು ಕರಗುವ ದಿನ ಬರಲಿ ಎಂದು ನಾನು ಆಸೆಪಟ್ಟಿದ್ದೆ, ಈಗಲೂ ಪಡುತ್ತೇನೆ. ಮೂರು ಕಿಲೋಮೀಟರಿಗೂ ಉದ್ದದ ರನ್‌ವೇ ನಮ್ಮಲ್ಲಿದೆ. ವಿದೇಶಕ್ಕೆ ಹೋಗುವವರಿಗೆ ಇಂದಿಗೂ ಹೈದರಾಬಾದೇ ಹೆಬ್ಬಾಗಿಲು.

ಶಿಕಾಗೊದಲ್ಲಿ ಇಳಿದ ಮೇಲೆ ಇಮಿಗ್ರೇಷನ್ ಸಾಲು, ಲಗೇಜು, ಮಗಳ ಮನೆಗೆ ಕಾರಿನ ದಾರಿ ಎಲ್ಲ ಸೇರಿ ಎರಡೂ ಮುಕ್ಕಾಲು ತಾಸು ಹಿಡಿಯಿರಿ. ಅಲ್ಲಿನ ಸಂಜೆ ಏಳಕ್ಕೆ ಮಗಳ ಬಾಗಿಲು. ನಿಮ್ಮ ಕೈಗಡಿಯಾರದಲ್ಲಿ ಆಗ ಭಾನುವಾರ ಬೆಳಗಿನ ಐದೂವರೆ. ಶುಕ್ರವಾರ ರಾತ್ರಿ ಎಂಟೂವರೆಯಿಂದ ಎಣಿಸಿ, ಮೂವತ್ತಮೂರು ತಾಸು.

ಹಿಗ್ಗಿದ ಆ ಶನಿವಾರದ ಲೆಕ್ಕ ಎಲ್ಲಿ ತೀರುತ್ತದೆ ಎಂದೂ ಹೇಳುತ್ತೇನೆ. ಹೋಗುವಾಗ ಹತ್ತೂವರೆ ತಾಸು ಹೆಚ್ಚು ಸಿಕ್ಕಿತು. ನವೆಂಬರ್ ಮೊದಲ ಭಾನುವಾರ ಅಲ್ಲಿ ಗಡಿಯಾರ ಹಿಂದೆ ಸರಿಸಿದಾಗ ಇನ್ನೊಂದು ತಾಸು ಸಿಗುತ್ತದೆ. ಒಟ್ಟು ಹನ್ನೊಂದೂವರೆ. ಡಿಸೆಂಬರಿನಲ್ಲಿ ಮರಳುವಾಗ ನಿಮ್ಮ ಭಾನುವಾರ ಹನ್ನೆರಡೂವರೆ ತಾಸಿಗೇ ಮುಗಿದುಹೋಗುತ್ತದೆ, ಹನ್ನೊಂದೂವರೆ ತಾಸು ಕಡಿಮೆ. ತಂದಷ್ಟನ್ನೂ ಕೊಟ್ಟು ಬರುತ್ತೀರಿ. ಆ ಸೋಮವಾರ ನಸುಕಿನ ಮೂರಕ್ಕೆ ಇಳಿದು ಹೊರಬರಲು ನಾಲ್ಕೂಕಾಲು ಆಗುತ್ತದೆ. ಕರೆತರಲು ಬರುವ ಕಾರಿನವರಿಗೆ ‘ಸೋಮವಾರ’ ಎಂದಷ್ಟೇ ಹೇಳಬೇಡಿ. ಭಾನುವಾರ ರಾತ್ರಿ ಹನ್ನೊಂದಕ್ಕೆ ಹುಮನಾಬಾದ್ ಬಿಡಬೇಕು ಎಂದು ಹೇಳಿ, ಅದನ್ನೇ ಎರಡು ಸಲ ಅವರ ಬಾಯಿಂದ ಹೇಳಿಸಿ.